ಮೂರನೆಯ ಕರಡು

ನಾವು ಬರುವುದು ಶುಕ್ರವಾರ ಸಂಜೆ ಆರರ ಮೇಲೆ,
ಕಸದ ಬುಟ್ಟಿ ಖಾಲಿ ಮಾಡುವವರ ಜೊತೆಜೊತೆಗೇ.
ರಾಟರ್‌ಡ್ಯಾಮ್ ಬಂದರಿನ ಶೀತಲ ಗೋದಾಮು,
ನಾಲ್ಕನೆಯ ಮಹಡಿ, ಕಿಟಕಿಯಾಚೆ ಮಾಸ್ ನದಿ,
ಬಾಳೆಹಣ್ಣಿನ ಹಡಗಿನ ಮೇಲೆ ಬಗ್ಗಿದ ಕ್ರೇನು.
ಕುರ್ಚಿ ಎಲ್ಲಿತ್ತೋ ಅಲ್ಲೇ ಇರಬೇಕು ನಾಳೆಗೂ,
ಅದಕ್ಕೇ ಮೊದಲು ಫೋಟೋ.
ಆಮೇಲೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ
ಡಿಸ್ಕಿನ ಪಡಿಯಚ್ಚು ತೆಗೆಯುತ್ತಾನೆ ಸಿಬ್ರಾಂಡ್.
ನಾಲ್ಕು ತಾಸು. ಅಷ್ಟು ಹೊತ್ತೂ
ನೀಲಿ ಗೆರೆ ತೆವಳುವುದನ್ನು ನೋಡುತ್ತ
ಒಂದೇ ಪೊಟ್ಟಣದ ಉಪ್ಪು ಲಿಕೊರೈಸ್ ಹಂಚಿ ತಿನ್ನುತ್ತೇವೆ.
ಅಮ್ಮ ಕೇಳಿದರೆ ಲೆಕ್ಕ ತಪಾಸಣೆ ಅನ್ನುತ್ತೇನೆ.
ಪತ್ತೇದಾರಿ ಅಂದರೆ ಟೊಪ್ಪಿಗೆ, ಪಿಸ್ತೂಲು ಎಂದುಕೊಳ್ಳುತ್ತಾಳೆ;
ನನ್ನ ಬಳಿ ಇರುವುದು ಹಳದಿ ಹೈಲೈಟರ್, ಕೆಟ್ಟ ಬೆನ್ನು.

ಫೊಕ್ಕೊ ಹೂಕ್ಸೆಮಾ. ಖರೀದಿ ವಿಭಾಗ. ಮೂವತ್ತೊಂದು ವರ್ಷ.
ಹನ್ನೊಂದು ವಾರ ಅವನ ಮೇಲ್ ಓದಿದೆ.
ಹುಡುಕುವ ಪದಗಳ ಪಟ್ಟಿ ನಮ್ಮದು:
ಪ್ಯಾಲೆಟ್, ಕಮಿಷನ್, ನಗದು, ಫೋನಿನಲ್ಲಿ ಹೇಳುತ್ತೇನೆ.
ಆದರೆ ಜರಡಿಯಲ್ಲಿ ಉಳಿದದ್ದಷ್ಟೇ ಅಲ್ಲ,
ಸೋರಿದ್ದೂ ಕಣ್ಣಿಗೆ ಬೀಳುತ್ತದೆ:
ಹೆಂಡತಿಯ ಶ್ರವಣಯಂತ್ರದ ಬ್ಯಾಟರಿ ಎಲ್ಲಿ ಅಗ್ಗ,
ಬಟಾಣಿ ಸೂಪಿಗೆ ಎಷ್ಟು ಸೆಲರಿ,
ಚರ್ಚಿನ ಮೇಳದಲ್ಲಿ ಮಂದ್ರ ಹಿಡಿಯಲು
ನಾವಿಬ್ಬರೇ ಉಳಿದಿದ್ದೇವೆ ಮಾರಾಯ, ಗುರುವಾರ ತಪ್ಪಿಸಬೇಡ.
ನನಗೆ ಅವನ ಗುರುವಾರ ಗೊತ್ತು, ಹಲ್ಲುನೋವು ಗೊತ್ತು.
ಅವನಿಗೆ ನಾನು ಹುಟ್ಟಿದ್ದೇ ಗೊತ್ತಿಲ್ಲ.

ಇರದ ಪ್ಯಾಲೆಟ್ಟುಗಳಿಗೆ ಬಿಲ್ಲು, ಇರದ ಕಂಪನಿಯಿಂದ.
ವಿಳಾಸ ಹುಡುಕಿಕೊಂಡು ಹೋದರೆ
ಸ್ಕೀಡಾಮಿನಲ್ಲಿ ಒಂದು ನಾಯಿಗಳ ಕ್ಷೌರದಂಗಡಿ.
ನೊರೆಯೊಳಗಿಂದ ಪೂಡಲ್ ಒಂದು ನನ್ನನ್ನೇ ದಿಟ್ಟಿಸಿತು,
ಸಾಕ್ಷಿಯ ಹಾಗೆ.

ಹನ್ನೆರಡನೆಯ ವಾರದ ಸೋಮವಾರ
ನಾವು ಹಗಲಲ್ಲೇ ಒಳಬಂದಾಗ ಇಡೀ ಮಹಡಿ
ಹೆಗಲು ಮುಟ್ಟಿ ನೋಡಿಕೊಂಡಿತು,
ಕುಂಬಳಕಾಯಿಯ ಮಾತು ಯಾರೂ ಎತ್ತುವ ಮೊದಲೇ.
ಯಾರೋ ಮನೆಗೊಯ್ದ ಸ್ಟೇಪ್ಲರನ್ನು ವಾಪಸು ತಂದಿಟ್ಟಿದ್ದರು.
ಅವನೊಬ್ಬನೇ ಕೋಟು ನೇತುಹಾಕಿ ಕೇಳಿದ:
"ಎಲ್ಲಿ ಕೂರಲಿ?"

ಬಾಗಿಲ ಕಡೆಯ ಕುರ್ಚಿ ಅವನಿಗೇ, ಅದು ನಿಯಮ;
ತಡೆದು ಕೂರಿಸಿದರು ಎಂದು ನಾಳೆ ಅನ್ನಬಾರದು.
ಓದಿದೆ, ಬಿಲ್ಲಿನ ಮೇಲೆ ಬಿಲ್ಲು, ಕೊನೆಗೆ ಮೊತ್ತ.
ಅವನು ಕನ್ನಡಕ ಏರಿಸಿ, ಹಾಳೆಯನ್ನು ತನ್ನತ್ತ ತಿರುಗಿಸಿ
ಬೆರಳಿಟ್ಟು ಕೂಡಿದ. ತುಟಿ ಅಲ್ಲಾಡುತ್ತಿತ್ತು.
"ಒಂದು ಬಿಟ್ಟಿದ್ದೀಯ, ಮಗೂ. ಮಾರ್ಚಿಯದು.
ನಾಲ್ಕು ಸಾವಿರದ ನೂರ ಹದಿನಾರು."
ಕೊರಳಿಗೆ ಬೀಳುವ ಹಗ್ಗವೇ ಆದರೂ
ಅಳತೆ ಸರಿಯಿರಬೇಕು ಅವನಿಗೆ.
ಆಮೇಲೆ, ನೀರಿನ ಲೋಟ ಮುಟ್ಟದೆ,
ಇನ್ನೊಂದು ಹೆಸರು ಹೇಳಿದ. ಆರನೆಯ ಮಹಡಿಯದು.

ಮೊದಲ ಕರಡಿನಲ್ಲಿ ಆ ಹೆಸರು ಹದಿನಾಲ್ಕು ಸಲ ಇತ್ತು.
ಎರಡನೆಯದರಲ್ಲಿ, ಹಿರಿಯ ಅಧಿಕಾರಿಯೊಬ್ಬರು.
ವಕೀಲರು ಓದಿದರು. ನಮ್ಮ ಫ್ರೌಕಿಯೆ
ಮೇಜಿನಂಚಿಗೆ ಕೂತು ಮೆಲ್ಲಗೆ ಅಂದಳು:
ದುಡ್ಡು ಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ ಅಲ್ಲವೆ?
ಹಾವು ಸಿಕ್ಕಿತು. ಹುತ್ತದ ಸುದ್ದಿ ಯಾರು ಕೇಳಿದರು?
ಮೂರನೆಯದರಲ್ಲಿ, ಇತರರು.
ಕಂಡುಬರುತ್ತದೆ, ಎನ್ನಲಾಗಿದೆ, ಲಭ್ಯ ದಾಖಲೆಗಳ ಮಿತಿಯಲ್ಲಿ.
ನಮ್ಮ ವಾಕ್ಯಗಳಲ್ಲಿ ಕರ್ತೃವೇ ಇರುವುದಿಲ್ಲ,
ಎಲ್ಲ ತಂತಾನೆ ನಡೆಯುತ್ತದೆ, ತುಕ್ಕು ಹಿಡಿದ ಹಾಗೆ.

ಮಾರ್ಚಿಯ ಬಿಲ್ಲು ಮಾತ್ರ ಸೇರಿಸಿದೆ,
ಅಡಿಟಿಪ್ಪಣಿ ನಲವತ್ತೊಂದು.
ಯಾರು ತೋರಿಸಿದರೆಂದು ಬರೆಯಲಿಲ್ಲ.

ಈಗ ಆಂಟ್ವರ್ಪ್, ಇನ್ಯಾರದೋ ಮೇಲ್, ಇನ್ಯಾರದೋ ಸೂಪು.
ವಾಪಸು ಬರುವ ಗುರುವಾರಗಳಲ್ಲಿ ಟ್ರಾಮು
ಆ ಚರ್ಚನ್ನು ದಾಟುವಾಗ ಹಾಡು ಕೇಳಿಸುತ್ತದೆ.
ಮಂದ್ರಕ್ಕೆ ಒಬ್ಬರೋ ಇಬ್ಬರೋ ಎಂದು
ಗಾಜಿಗೆ ಕಿವಿಯಿಟ್ಟು ಎಣಿಸಲು ನೋಡುತ್ತೇನೆ.
ಅಲ್ಲಿ ನಿಲ್ದಾಣವಿಲ್ಲ.